ವಿಸ್ಟಾದ ಸೂಪರ್‌ಫೆಚ್: ಬೈಗುಳವೇ ಸಿಕ್ಕ ಒಳ್ಳೆಯ ಕೆಲಸ

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ ಅನೇಕರು ಗಾಬರಿಯಾದರು: ರ‍್ಯಾಮ್ ಲೆಕ್ಕದಲ್ಲಿ ‘ಫ್ರೀ’ ಎಂಬುದರ ಎದುರು ಸೊನ್ನೆಯ ಆಸುಪಾಸಿನ ಅಂಕಿ. ಹೊಸ ವಿಂಡೋಸ್ ಮೆಮೊರಿಯನ್ನೆಲ್ಲ ನುಂಗುತ್ತಿದೆ ಎಂಬ ಮಾತು ಹಬ್ಬಿತು. ಬೇಕಾಗಬಹುದಾದ ಪ್ರೋಗ್ರಾಮುಗಳನ್ನು ಮುಂಚಿತವಾಗಿ ಮೆಮೊರಿಗೆ ತಂದಿಡುವ ಸೂಪರ್‌ಫೆಚ್ ಸರ್ವೀಸನ್ನು ಆಫ್ ಮಾಡಿಬಿಡಿ ಎಂಬ ಸಲಹೆ ಅದರ ಬೆನ್ನಿಗೇ ಬಂತು.

ಆ ಸಲಹೆ ತಪ್ಪು. ಯಾಕೆಂದು ತಿಳಿಯಲು ಅಂದಿನ ಹಾರ್ಡ್ ಡಿಸ್ಕಿನ ಲೆಕ್ಕ ಹಾಕಿದರೆ ಸಾಕು. ರ‍್ಯಾಮಿನಿಂದ ಮಾಹಿತಿ ಪಡೆಯಲು ಪ್ರೊಸೆಸರಿಗೆ ಸುಮಾರು 100 ನ್ಯಾನೊಸೆಕೆಂಡ್ ಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಹೆಡ್ ಸರಿದು, ಬೇಕಾದ ಜಾಗ ಅದರಡಿಗೆ ಬರುವಷ್ಟರಲ್ಲಿ 12 ಮಿಲಿಸೆಕೆಂಡ್ ಕಳೆದಿರುತ್ತದೆ. ಅಂದರೆ ಲಕ್ಷ ಪಟ್ಟಿಗೂ ಹೆಚ್ಚು ತಡ. ಆಪರೇಟಿಂಗ್ ಸಿಸ್ಟಂ ಮೆಮೊರಿಯನ್ನು 4 ಕೆಬಿ ಪೇಜುಗಳಾಗಿ ಹಂಚಿಕೊಂಡಿರುತ್ತದೆ. ಡಿಸ್ಕಿನಲ್ಲಿ ಚದುರಿದ ಇಂಥ ಪೇಜುಗಳನ್ನು ಒಂದೊಂದಾಗಿ ಹುಡುಕಿ ತರಬೇಕಾದರೆ ಬರೀ 20 ಎಂಬಿಗೆ ಒಂದು ನಿಮಿಷ ಹಿಡಿಯುತ್ತದೆ. ಅದೇ 20 ಎಂಬಿ ಸಾಲಾಗಿ ಸಿಕ್ಕರೆ ಅರೆ ಸೆಕೆಂಡೂ ಬೇಡ.

ಎಕ್ಸ್‌ಪಿಯಲ್ಲಿ ಈ ಬಾಧೆ ನಿತ್ಯದ್ದು. ಊಟಕ್ಕೆ ಎದ್ದು ಹೋದಾಗ ಆಂಟಿವೈರಸ್ ಸ್ಕ್ಯಾನ್ ಶುರುವಾಗಿ, ಕೆಲಸದ ಪ್ರೋಗ್ರಾಮುಗಳ ಪೇಜುಗಳನ್ನು ರ‍್ಯಾಮಿನಿಂದ ಹೊರದಬ್ಬುತ್ತಿತ್ತು. ಮರಳಿ ಬಂದವರು ವಿಂಡೋ ಒಂದೊಂದಾಗಿ ಮೈ ಮುರಿದು ಏಳುವುದನ್ನು ಕಾಯುತ್ತ ಕೂರಬೇಕಿತ್ತು.

ಸೂಪರ್‌ಫೆಚ್ ಕೈ ಹಾಕಿದ್ದು ಸರಿಯಾಗಿ ಇಲ್ಲಿಗೇ. ವಿಸ್ಟಾ ಪ್ರತಿ ಪೇಜಿಗೂ 0ಯಿಂದ 7ರವರೆಗಿನ ಆದ್ಯತೆ ಕೊಟ್ಟಿತು. ಯಾವ ಪ್ರೋಗ್ರಾಂ ಬೆಳಿಗ್ಗೆ ಬೇಕು, ಯಾವುದು ವಾರಾಂತ್ಯದಲ್ಲಿ ಎಂಬುದನ್ನು ಗಮನಿಸಿಟ್ಟುಕೊಂಡು, ರ‍್ಯಾಮಿನಲ್ಲಿ ಜಾಗ ತೆರವಾದ ಕೂಡಲೇ ಆ ಪೇಜುಗಳನ್ನು ಕೇಳುವ ಮೊದಲೇ ತಂದಿಡುತ್ತಿತ್ತು. ಬೇರೆ ಪ್ರೋಗ್ರಾಮಿಗೆ ಜಾಗ ಬೇಕೆಂದರೆ ತಕ್ಷಣ ಬಿಟ್ಟೂ ಕೊಡುತ್ತಿತ್ತು. ಖಾಲಿ ಬಿದ್ದ ರ‍್ಯಾಮಿನಿಂದ ಯಾರಿಗೂ ಲಾಭವಿಲ್ಲ. ಮೆಮೊರಿ ನಿರ್ವಹಣೆಯಲ್ಲಿ ಮೈಕ್ರೋಸಾಫ್ಟ್ ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲಿ ಇದೂ ಒಂದು.

ಹಾಗಾದರೆ ಬೈಗುಳ ಯಾಕೆ? ಮೊದಲ ತಪ್ಪು ಪರದೆಯದ್ದು. ಕೇಳಿದಾಗ ಸಿಗುವ ಮೆಮೊರಿ ಎಷ್ಟು ಎಂಬುದೇ ಜನರಿಗೆ ಬೇಕಾದ ಅಂಕಿ; ವಿಸ್ಟಾ ಅದನ್ನು ನೇರವಾಗಿ ತೋರಿಸಲಿಲ್ಲ. ವಿಂಡೋಸ್ 7ರ ಟಾಸ್ಕ್ ಮ್ಯಾನೇಜರಿನಲ್ಲಿ ‘ಅವೈಲಬಲ್’ ಎಂಬ ಸಾಲು ಬಂದ ಮೇಲೆ ಅರ್ಧ ದೂರು ತಾನಾಗಿ ಕರಗಬೇಕಿತ್ತು. ಎರಡನೆಯದು ಇನ್ನೂ ದೊಡ್ಡದು. 512 ಎಂಬಿ ರ‍್ಯಾಮ್ ಇರುವ ಯಂತ್ರಕ್ಕೂ ವಿಸ್ಟಾ ಹೋಂ ಬೇಸಿಕ್ ಸಾಕೆಂದು ಮಾರಲಾಯಿತು. ಅಷ್ಟು ಇಕ್ಕಟ್ಟಿನಲ್ಲಿ ಮುಂಚಿತವಾಗಿ ತಂದಿಡಲು ಜಾಗವೆಲ್ಲಿ? ಹಿನ್ನೆಲೆಯ ಓದಿಗೆ ಕೆಳ ಆದ್ಯತೆ ಇತ್ತು, ನಿಜ. ಆದರೆ ಆಗಲೇ ಹೊರಟ ಹೆಡ್ಡನ್ನು ಆದ್ಯತೆ ವಾಪಸ್ ಕರೆಯಲಾರದು. ಬೂಟ್ ಆದ ಮೇಲೂ ಡಿಸ್ಕಿನ ಕರಕರ ನಿಲ್ಲಲಿಲ್ಲ. ಅದನ್ನು ಕೇಳಿದವರು ಯಂತ್ರ ನಿಧಾನ ಎಂದೇ ತೀರ್ಮಾನಿಸಿದರು.

ಜೊತೆಗೆ ಬಂದ ರೆಡಿಬೂಸ್ಟ್ ಈ ಮೆಮೊರಿ ಕೊರತೆಗೆ ಪೆನ್ ಡ್ರೈವ್ ಜೋಡಿಸಿ, ಪೇಜುಗಳನ್ನು ಅದರಲ್ಲೂ ಇಟ್ಟಿತು. ಅದರೊಳಗಿನ ಪ್ರತಿ ಪೇಜಿನ ನಕಲು ಡಿಸ್ಕಿನಲ್ಲೂ ಇರುತ್ತಿತ್ತು, ಹಾಗಾಗಿ ಪೆನ್ ಡ್ರೈವ್ ಕಿತ್ತರೂ ನಷ್ಟವಿಲ್ಲ. ಬರೆದದ್ದು ಎನ್‌ಕ್ರಿಪ್ಟ್ ಆಗುತ್ತಿದ್ದರಿಂದ ಕಳುವಾದರೂ ಭಯವಿಲ್ಲ. ಅಚ್ಚುಕಟ್ಟಾದ ಕೆಲಸವೇ. ಆದರೂ 2 ಜಿಬಿ ರ‍್ಯಾಮ್ ಇದ್ದವರಿಗೆ ಅದರಿಂದ ಸಿಕ್ಕಿದ್ದು ಅಲ್ಪ.

ಮುಂದೆ ಎಸ್‌ಎಸ್‌ಡಿ ಬಂದು ಹೆಡ್ಡೇ ಇಲ್ಲವಾಯಿತು. ವೇಗದ ಎಸ್‌ಎಸ್‌ಡಿ ಕಂಡರೆ ವಿಂಡೋಸ್ 7 ಸೂಪರ್‌ಫೆಚ್ ಅನ್ನು ತಾನೇ ನಿಲ್ಲಿಸುತ್ತಿತ್ತು. ವಿಂಡೋಸ್ 10ರಲ್ಲಿ ಅದಕ್ಕೆ ಸಿಸ್‌ಮೇನ್ ಎಂದು ಹೆಸರು ಬದಲಾಯಿತು, ಆಫ್ ಮಾಡುವ ಸಲಹೆ ಮಾತ್ರ ಬದಲಾಗಲಿಲ್ಲ. ಹಳೆಯ ಹಾರ್ಡ್ ಡಿಸ್ಕಿನ ಯಂತ್ರ ಇಟ್ಟುಕೊಂಡವರು ಆ ಗುಂಡಿ ಒತ್ತುವ ಮುನ್ನ ರಿಸೋರ್ಸ್ ಮಾನಿಟರ್ ತೆರೆದು ‘ಹಾರ್ಡ್ ಫಾಲ್ಟ್ಸ್’ ಅಂಕಣ ನೋಡಬೇಕು; ಬೇಕಾದ ಪೇಜನ್ನು ಡಿಸ್ಕಿನಿಂದ ತರಬೇಕಾಗಿ ಬಂದ ಸಲಗಳ ಲೆಕ್ಕ ಅದು. ಕೆಲಸದ ನಡುವೆ ಅಲ್ಲಿ ಸೆಕೆಂಡಿಗೆ ನೂರಾರು ಎಂದು ಎಡೆಬಿಡದೆ ಕಂಡರೆ ಕೊರತೆ ರ‍್ಯಾಮಿನದು. ಸರ್ವೀಸ್ ನಿಲ್ಲಿಸಿದರೆ ಅದು ತುಂಬುವುದಿಲ್ಲ.