ಬೇಡವಾದ ಅರ್ಜಿಗೂ ಒಂದು ತಾರೀಖು

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ಪ್ರಭಾತ್ ಕಾಲನಿಯಲ್ಲಿ ಪೇಜಾವರ ಮಠವಿದೆ, ಮಹಾನಗರಪಾಲಿಕೆಯ ಎಚ್-ಪೂರ್ವ ವಾರ್ಡ್ ಕಚೇರಿಯೂ ಇದೆ. ನಮ್ಮ ಹೋಟೆಲಿನವರಿಗೆ ಎರಡೂ ಬಾಗಿಲು ಪರಿಚಿತ. ಅಡುಗೆಮನೆಯ ಹಿಂದೆ ತಗಡಿನ ಮಾಡು ಇಳಿಸಿದರೆ 1888ರ ಪಾಲಿಕೆ ಕಾಯಿದೆಯ 351ನೇ ಕಲಮಿನ ನೋಟಿಸು ಬರುತ್ತದೆ. ಅದರ ಬೆನ್ನಿಗೇ ದಿಂಡೋಶಿಯ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ, ಜತೆಗೆ ತಡೆಯಾಜ್ಞೆ ಕೇಳುವ ನೋಟಿಸ್ ಆಫ್ ಮೋಷನ್. ಇಷ್ಟರ ತನಕ ಎಲ್ಲರೂ ಬಲು ಚುರುಕು.

ಮುಂದೆ ಮಾಲೀಕರೇ ಆ ಮಾಡನ್ನು ಕೀಳಿಸುತ್ತಾರೆ, ಇಲ್ಲವೇ ಕಟ್ಟಡವೇ ರೀಡೆವಲಪ್‌ಮೆಂಟಿಗೆ ಹೋಗುತ್ತದೆ. ಮೋಷನ್ ಮಾತ್ರ ಬೋರ್ಡಿನಿಂದ ಇಳಿಯುವುದಿಲ್ಲ. ಹಿಂದಕ್ಕೆ ಪಡೆಯಲು ಒಂದು ಹಾಳೆಯ ಪುರಸೀಸ್ ಸಾಕು. ಬೆಂಗಳೂರಿನ ವಕೀಲರು ಇದನ್ನೇ ಮೆಮೊ ಎನ್ನುತ್ತಾರೆ. ಆದರೂ ಇನ್ನೊಂದು ತಾರೀಖು ಕೇಳುವುದೇ ವಾಡಿಕೆ. ಇದು ಬರೀ ಸೋಮಾರಿತನ ಎಂದು ನನಗನಿಸುವುದಿಲ್ಲ. ಅರ್ಜಿ ಬಾಕಿಯಿದ್ದಷ್ಟು ದಿನ ಮಧ್ಯಂತರ ರಕ್ಷಣೆಯೂ ಎಳೆದುಕೊಂಡು ಹೋಗುತ್ತದೆ, ನಾಳೆ ಯಾವುದಕ್ಕಾದರೂ ಆದೀತು ಎಂಬ ಲೆಕ್ಕ. ಏಕಪಕ್ಷೀಯ ತಡೆಯಾಜ್ಞೆ ಕೊಟ್ಟರೆ ಅರ್ಜಿಯನ್ನು 30 ದಿನಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ಎ ನಿಯಮ ಹೇಳುತ್ತದೆ. ಅದನ್ನು ನೆನಪಿಸುವ ಉತ್ಸಾಹ ಯಾರಿಗಿದೆ?

ಭಯವೂ ಇದೆ, ಅದು ಪೂರ್ತಿ ಸುಳ್ಳಲ್ಲ. 1986ರ ಸರ್ಗುಜಾ ಟ್ರಾನ್ಸ್‌ಪೋರ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮತ್ತೆ ಹೂಡುವ ಅನುಮತಿ ಪಡೆಯದೆ ರಿಟ್ ಹಿಂತೆಗೆದುಕೊಂಡವರಿಗೆ ಅದೇ ಕಾರಣಕ್ಕೆ ಎರಡನೇ ರಿಟ್ ಇಲ್ಲ ಎಂದಿತು. ಆ ಮಾತು ರಿಟ್‌ಗೆ ಸಂಬಂಧಿಸಿದ್ದು. ಕೆಲಸ ಮುಗಿದ ಮೋಷನ್ನಿಗೂ ಅದನ್ನೇ ಗುರಾಣಿ ಮಾಡುವುದು ಅತಿಯಾಯಿತು.

ಚೆನ್ನಾಗಿ ಹಿಂತೆಗೆಯುವುದು ಹೇಗೆಂದು ನೋಡಲು ಪಕ್ಕದ ಖಾರ್ ಸಾಕು. ನಟಿ ಕಂಗನಾ ರಣಾವತ್ ತಮ್ಮ ಫ್ಲ್ಯಾಟುಗಳ ವಿಷಯದಲ್ಲಿ ಪಾಲಿಕೆಯ ನೋಟಿಸಿನ ವಿರುದ್ಧ ದಿಂಡೋಶಿಯಲ್ಲಿ ಸೋತು ಹೈಕೋರ್ಟಿಗೆ ಹೋಗಿದ್ದರು. 2021ರ ಫೆಬ್ರವರಿಯಲ್ಲಿ ಆ ಮೇಲ್ಮನವಿಯನ್ನು ಹಿಂದಕ್ಕೆ ಪಡೆದರು, ಆದರೆ ಬರಿಗೈಯಲ್ಲಲ್ಲ: ಸಕ್ರಮಕ್ಕೆ ಅರ್ಜಿ ಹಾಕಲು ನಾಲ್ಕು ವಾರ, ಅದು ತೀರ್ಮಾನವಾಗುವ ತನಕ ಕೆಡವುವಂತಿಲ್ಲ ಎಂಬ ರಕ್ಷಣೆ, ಎರಡೂ ಆದೇಶದಲ್ಲೇ ಬಂದವು. ಅವರ ರಾಜಕೀಯ ಯಾರಿಗೆ ಹಿಡಿಸಲಿ ಬಿಡಲಿ, ವಕೀಲರ ಕೆಲಸ ಅಚ್ಚುಕಟ್ಟು. ದೊಡ್ಡ ಹೆಸರಿನವರಿಗೆ ಸಿಗುವ ಈ ಅಚ್ಚುಕಟ್ಟು ಹೋಟೆಲಿನ ಶೆಟ್ಟರಿಗೇಕೆ ಸಿಗಬಾರದು?

ಇನ್ನು ಹಿಂತೆಗೆಯುವವರಲ್ಲೂ ಹೆಚ್ಚಿನವರು ಬಾಯಿ ತೆರೆಯುವುದು ಬೋರ್ಡು ಕೂಗಿದ ಮೇಲೆ. ಅಷ್ಟರಲ್ಲಿ ನ್ಯಾಯಾಧೀಶರು ಕಾಗದ ಓದಿರುತ್ತಾರೆ, ಪಾಲಿಕೆಯ ವಕೀಲರು ಕಡತ ಹೊತ್ತು ಬಂದಿರುತ್ತಾರೆ. ಎರಡು ದಿನ ಮೊದಲೇ ಎದುರುಪಕ್ಷಕ್ಕೆ ಪುರಸೀಸಿನ ಪ್ರತಿ ಕೊಟ್ಟು ತಿಳಿಸದವರ ಮೇಲೆ ಖರ್ಚು ಹೇರಲು ಕೋರ್ಟು ಇಷ್ಟು ಸಂಕೋಚಪಡುವುದೇಕೆ ಎಂಬುದೇ ನನ್ನ ತಕರಾರು.