ಒಂಟಿ ಸಸಿಯ ಲೆಕ್ಕ

ಒಂದು ಎಕರೆ ನಾಟಿಗೆ ಎಷ್ಟು ಬಿತ್ತನೆ ಭತ್ತ ಬೇಕೆಂದರೆ ರೂಢಿಯ ಉತ್ತರ 25ರಿಂದ 30 ಕಿಲೊ. ‘ಶ್ರೀ’ ಪದ್ಧತಿಯ ಉತ್ತರ 2 ಕಿಲೊ. ಎರಡರಲ್ಲೊಂದು ಸುಳ್ಳಿರಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಎರಡೂ ನಿಜ. ಶ್ರೀ ಪದ್ಧತಿಯಲ್ಲಿ ಎರಡು ದಿಕ್ಕಿನಲ್ಲೂ 25 ಸೆಂಟಿಮೀಟರ್ ಅಂತರ ಬಿಟ್ಟು ಗುಣಿಗೊಂದೇ ಸಸಿ ಇಡುತ್ತಾರೆ. ಚದರ ಮೀಟರಿಗೆ 16, ಎಕರೆಗೆ ಸುಮಾರು 65,000 ಸಸಿ. ಸಾಧಾರಣ ಗಾತ್ರದ ಭತ್ತದ ಸಾವಿರ ಕಾಳು 20ರಿಂದ 25 ಗ್ರಾಂ ತೂಗುವುದರಿಂದ 2 ಕಿಲೊದಲ್ಲಿ 80,000ದಿಂದ 1 ಲಕ್ಷ ಕಾಳು ಸಿಗುತ್ತವೆ. ಮೊಳೆಯದ್ದು, ಇಲಿ ಹಕ್ಕಿ ತಿಂದದ್ದು ಕಳೆದರೂ ಸಾಲುತ್ತದೆ. ರೂಢಿಯ ನಾಟಿಯಲ್ಲಿ 20 ಸೆಂಟಿಮೀಟರಿಗೆ 15ರಂತೆ ನೆಟ್ಟರೆ ಎಕರೆಗೆ 1.35 ಲಕ್ಷ ಗುಣಿ ಬೀಳುತ್ತವೆ. ಗುಣಿಗೆ ಮೂರ್ನಾಲ್ಕು ಸಸಿ ಲೆಕ್ಕ, ಗುತ್ತಿಗೆ ನಾಟಿಯ ಅವಸರದಲ್ಲಿ ಆರೇಳೂ ಆಗುವುದುಂಟು. ಬೀಜದ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದ್ದರೂ ಸಣ್ಣ ರೈತನ ಮಟ್ಟಿಗೆ ಅದು ಚಿಕ್ಕ ಉಳಿತಾಯ. ತೀರ್ಮಾನವಾಗುವುದು ನೀರು ಮತ್ತು ಆಳಿನ ಲೆಕ್ಕದಲ್ಲಿ.

ಶ್ರೀ ಪದ್ಧತಿಯ ಕ್ರಮ ಹೀಗಿದೆ. ಏರುಮಡಿಯಲ್ಲಿ ತೆಳುವಾಗಿ ಬಿತ್ತಿ, 8ರಿಂದ 12 ದಿನದ, ಎರಡೇ ಎಲೆಯ ಸಸಿಯನ್ನು ಬುಡದ ಮಣ್ಣು, ಅಂಟಿದ ಕಾಳಿನ ಸಮೇತ ಎತ್ತಬೇಕು. ಎತ್ತಿದ ಅರ್ಧ ಗಂಟೆಯೊಳಗೆ, ಬೇರು ಮೇಲಕ್ಕೆ ಮಡಿಚದಂತೆ, ಒಂದೆರಡು ಸೆಂಟಿಮೀಟರ್ ಆಳಕ್ಕಷ್ಟೇ ಇಡಬೇಕು. ತೆನೆ ಕಟ್ಟುವವರೆಗೆ ಗದ್ದೆಯಲ್ಲಿ ನೀರು ನಿಲ್ಲಿಸುವಂತಿಲ್ಲ. ನೆಲ ತೇವವಾಗಿದ್ದು, ನಡುನಡುವೆ ಕೂದಲೆಳೆಯ ಬಿರುಕು ಬಿಡುವಷ್ಟು ಒಣಗಬೇಕು. ನೆಟ್ಟ ಹತ್ತು ಹನ್ನೆರಡು ದಿನಕ್ಕೆ ಮೊದಲ ಸಲ, ಆಮೇಲೆ ಅಷ್ಟಷ್ಟೇ ದಿನಕ್ಕೊಮ್ಮೆ ಮೂರು ನಾಲ್ಕು ಸಲ ಕೋನೋ ವೀಡರ್ ಎಂಬ ಉರುಳು ಕಳೆಯಂತ್ರ ಓಡಿಸಿ ಕಳೆಯನ್ನು ಮಣ್ಣಿಗೇ ತುಳಿಯಬೇಕು. ಗೊಬ್ಬರ ಆದಷ್ಟೂ ಕೊಟ್ಟಿಗೆಯದು, ಹಸಿರೆಲೆಯದು. ತೆನೆ ಕಟ್ಟಿದ ಮೇಲೆ ತೆಳುವಾಗಿ ನೀರು ನಿಲ್ಲಿಸಿ, ಕೊಯ್ಲಿಗೆ ಎರಡು ವಾರ ಇರುವಾಗ ಬಸಿದು ಬಿಡಬೇಕು.

ಇದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಪದ್ಧತಿಯಲ್ಲ. ಫ್ರಾನ್ಸಿನ ಜೆಸ್ವಿಟ್ ಪಾದ್ರಿ ಆಂರಿ ದ ಲೊಲಾನಿಯೆ 1961ರಲ್ಲಿ ಮಡಗಾಸ್ಕರ್‌ಗೆ ಹೋದವರು, ಅಲ್ಲಿನ ರೈತರ ಜೊತೆ ದಶಕಗಳ ಕಾಲ ಗದ್ದೆಯಲ್ಲೇ ಕಲಿತವರು. 1983ರಲ್ಲಿ ಆಂಟ್ಸಿರಾಬೆಯ ಕೃಷಿ ಶಾಲೆಯಲ್ಲಿ ಮಳೆಯ ಅಭಾವದ ಒತ್ತಡಕ್ಕೆ 15 ದಿನದ ಎಳೆ ಸಸಿಯನ್ನೇ ನೆಡಬೇಕಾಯಿತು. ಸೊರಗುತ್ತದೆಂದುಕೊಂಡ ಪೈರು ಎಂದೂ ಕಾಣದಷ್ಟು ತೆಂಡೆ ಒಡೆಯಿತು. ಒಂಟಿ ಸಸಿ, ಅಗಲ ಅಂತರ, ನೀರಿನ ಮಿತಿ ಇವೆಲ್ಲ ಒಟ್ಟುಗೂಡಿ ಪದ್ಧತಿಯಾದದ್ದು ಅಲ್ಲಿಂದ. 1990ರಲ್ಲಿ ಅದನ್ನು ಹರಡಲು ತೆಫಿ ಸಾಯ್ನ ಎಂಬ ಸಂಘ ಹುಟ್ಟಿತು. 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೇಂದ್ರವೊಂದು ಆ ಸಂಘದ ಜೊತೆ ರನೊಮಫಾನ ಕಾಡಿನ ಅಂಚಿನಲ್ಲಿ ಕೆಲಸ ಶುರು ಮಾಡಿತು. ಆ ಕೇಂದ್ರದ ನಾರ್ಮನ್ ಅಪ್‌ಹಾಫ್ ಇದರ ದೊಡ್ಡ ಪ್ರಚಾರಕರಾದರು. 1999ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ, 2000ದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳಾದವು. ಕರ್ನಾಟಕದ ರೈತರಲ್ಲಿ ಹಲವರು ಇದನ್ನು ಇಂದಿಗೂ ಮಡಗಾಸ್ಕರ್ ಪದ್ಧತಿ ಎಂದೇ ಕರೆಯುವುದು.

ಸಾಲು ನಾಟಿ, ಏರುಮಡಿ, ಉರುಳು ಕಳೆಯಂತ್ರ ಭಾರತಕ್ಕೆ ಹೊಸತಾಗಿರಲಿಲ್ಲ. 1950ರ ದಶಕದಲ್ಲಿ ಸರ್ಕಾರ ಸಾರಿದ ಜಪಾನಿ ಪದ್ಧತಿಯಲ್ಲಿ ಇವೆಲ್ಲ ಇದ್ದವು. ಆಮೇಲೆ ಬಂದ ಗಿಡ್ಡ ತಳಿ, ರಾಸಾಯನಿಕ ಗೊಬ್ಬರದ ಅಬ್ಬರದಲ್ಲಿ ಅದು ಮರೆತುಹೋಯಿತು. ಅಗಲ ಅಂತರವನ್ನು ಕನ್ನಡ ನಾಡು ಬೇರೆ ಬೆಳೆಯಲ್ಲಿ ಮೊದಲೇ ಬಲ್ಲದು. ಹಾವೇರಿ ಸೀಮೆಯ ಗುಳಿ ರಾಗಿಯಲ್ಲಿ ಒಂದೂವರೆ ಅಡಿಯ ಚೌಕಗಳ ಮೂಲೆಗೆ ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ, ಎರಡು ಸಸಿ ನೆಟ್ಟು, ಪೈರಿನ ಮೇಲೆ ಕೊರಡು ಎಳೆದು ಬಾಗಿಸಿ ತೆಂಡೆ ಹೊಡೆಸುತ್ತಾರೆ. ಇದನ್ನು ಅವರಿಗೆ ಯಾವ ಪಾದ್ರಿಯೂ ಕಲಿಸಿದ್ದಲ್ಲ.

ಎಳೆ ಸಸಿ ಯಾಕೆ ಹೆಚ್ಚು ತೆಂಡೆ ಒಡೆಯುತ್ತದೆ ಎಂಬುದಕ್ಕೆ ಉತ್ತರ ಜಪಾನಿನ ಕಟಯಾಮ ಎಂಬ ವಿಜ್ಞಾನಿಯ ಕೆಲಸದಲ್ಲಿದೆ. ಭತ್ತದ ಗಿಡ ಗೊತ್ತಾದ ಲಯದಲ್ಲಿ ಎಲೆ, ತೆಂಡೆ ಬಿಡುತ್ತಾ ಹೋಗುತ್ತದೆ. ಮೊದಲ ಮೂರು ಘಟ್ಟಗಳಲ್ಲಿ ಇರುವುದು ತಾಯಿಕಾಂಡ ಮಾತ್ರ. ನಾಲ್ಕನೆಯದರಲ್ಲಿ ಮೊದಲ ತೆಂಡೆ. ಆಮೇಲೆ ತೆಂಡೆಗೆ ತೆಂಡೆ ಹುಟ್ಟಿ, ಎಲ್ಲವೂ ಅನುಕೂಲವಾಗಿದ್ದರೆ ಹನ್ನೆರಡನೆಯ ಘಟ್ಟದ ಹೊತ್ತಿಗೆ 84 ಕಾಂಡಗಳಾಗಬಹುದು. ಕಿತ್ತು ನೆಟ್ಟ ಆಘಾತ ಮೊದಲ ತೆಂಡೆ ಹೊರಡುವ ಮೊದಲೇ ಮುಗಿದರೆ ಲಯ ತಪ್ಪುವುದಿಲ್ಲ. 30 ದಿನದ ಸಸಿ ಬೇರು ಹರಿದುಕೊಂಡು, ಚೇತರಿಸಿಕೊಂಡು ಎದ್ದು ನಿಲ್ಲುವಷ್ಟರಲ್ಲಿ ಮೊದಲ ತೆಂಡೆಗಳ ಸರದಿ ದಾಟಿರುತ್ತದೆ. ಅವುಗಳ ಮಕ್ಕಳು ಮೊಮ್ಮಕ್ಕಳೂ ಲೆಕ್ಕದಿಂದ ಹೋದಂತೆ. ಗದ್ದೆಯಲ್ಲಿ 84 ಎಂಬುದು ಅಪರೂಪದಲ್ಲಿ ಅಪರೂಪ. ಮೂವತ್ತು ತೆನೆಯ ಬುಡ ಸಿಕ್ಕರೆ ಅದೇ ಒಳ್ಳೆಯ ಪೈರು.

ನೀರಿನ ವಿಷಯಕ್ಕೆ ಬಂದರೆ, ಭತ್ತ ಜಲಸಸ್ಯವಲ್ಲ, ಜಲಸಹಿಷ್ಣು ಅಷ್ಟೆ. ಕೆಸರಿನಲ್ಲಿ ಗಾಳಿ ಸಿಗದಿದ್ದಾಗ ಬೇರಿನೊಳಗೆ ಗಾಳಿಯ ಕೊಳವೆ ಮಾಡಿಕೊಂಡು ಎಲೆಯಿಂದ ಉಸಿರು ಎಳೆದುಕೊಳ್ಳುತ್ತದೆ. ಸದಾ ನೀರಿನಲ್ಲಿರುವ ಬೇರು ಕಪ್ಪಾಗಿ ಮೇಲ್ಪದರದಲ್ಲೇ ಉಳಿಯುತ್ತದೆ, ಒಣಗಿ ನೆನೆಯುವ ನೆಲದ್ದು ಬೆಳ್ಳಗೆ ಆಳಕ್ಕಿಳಿಯುತ್ತದೆ. ಎರಡು ಗದ್ದೆಗಳಿಂದ ಒಂದೊಂದು ಬುಡ ಕಿತ್ತು ತೊಳೆದು ನೋಡಿದರೆ ಯಾರಿಗೂ ಕಾಣುವ ವ್ಯತ್ಯಾಸವಿದು. ಆದರೆ ನಿಂತ ನೀರು ಪುಕ್ಕಟೆ ಕಳೆನಾಶಕ. ಅದನ್ನು ಬಿಟ್ಟುಕೊಟ್ಟ ಗದ್ದೆಯಲ್ಲಿ ಹುಲ್ಲು ಭತ್ತಕ್ಕಿಂತ ಮೊದಲು ಏಳುತ್ತದೆ. ಒಣಗಿ ನೆನೆಯುವ ನೆಲದಲ್ಲಿ ಸಾರಜನಕವೂ ಒಂದಿಷ್ಟು ಗಾಳಿಗೆ ಹೋಗುತ್ತದೆ. ಶ್ರೀ ಪದ್ಧತಿಯ ಪ್ರಚಾರ ಪತ್ರಗಳು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ಆಡುವುದಿಲ್ಲ.

ಇಳುವರಿಯ ಮಾತಿಗೆ ಬಂದರೆ ಗಲಾಟೆ ದೊಡ್ಡದು. ಹೆಕ್ಟೇರಿಗೆ 2 ಟನ್ ಬರುತ್ತಿದ್ದ ರನೊಮಫಾನದ ರೈತರಿಗೆ ಸರಾಸರಿ 8 ಟನ್ ಬಂತೆಂದು ಪ್ರಚಾರಕರು ವರದಿ ಮಾಡಿದರು. 2011ರಲ್ಲಿ ಬಿಹಾರದ ನಳಂದ ಜಿಲ್ಲೆಯ ದರ್ವೇಶಪುರದ ರೈತರೊಬ್ಬರು 22.4 ಟನ್ ತೆಗೆದರೆಂಬ ಸುದ್ದಿ ಲೋಕವೆಲ್ಲ ಸುತ್ತಿತು. ಚೀನಾದ ಹೈಬ್ರಿಡ್ ಭತ್ತದ ಪಿತಾಮಹ ಯುವಾನ್ ಲಾಂಗ್‌ಪಿಂಗ್ ಅದನ್ನು ನಂಬಲಿಲ್ಲ. ಅದಕ್ಕೂ ಮೊದಲೇ, 2004ರಲ್ಲಿ, ಭತ್ತದ ಬೆಳವಣಿಗೆಯನ್ನು ಅಳೆಯುವ ವಿಜ್ಞಾನಿಗಳು ಬಿಸಿಲು ಕೊಡುವ ಶಕ್ತಿಯ ಮಿತಿಯನ್ನೇ ಮೀರುವ ಇಳುವರಿಗಳನ್ನು ಅಳತೆಯ ದೋಷವೆಂದು ತಳ್ಳಿಹಾಕಿದ್ದರು. 2006ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಮಡಗಾಸ್ಕರ್‌ನ ಹೊರಗೆ ಶ್ರೀ ಪದ್ಧತಿ ಅತ್ಯುತ್ತಮ ಶಿಫಾರಸು ಬೇಸಾಯವನ್ನು ಮೀರಿಸುವುದಿಲ್ಲ ಎಂದರು. ಅಪ್‌ಹಾಫ್ ಬಳಗ ಆ ಹೋಲಿಕೆಯೇ ಸರಿಯಿಲ್ಲವೆಂದು ವಾದಿಸಿತು.

ಜಗಳದ ಗಂಟು ಇರುವುದು ಯಾವುದಕ್ಕೆ ಯಾವುದನ್ನು ಹೋಲಿಸುತ್ತಾರೆ ಎಂಬುದರಲ್ಲಿ. ಸಂಶೋಧನಾ ಕೇಂದ್ರದ ತಾಕಿನಲ್ಲಿ ನೆಲ ಮಟ್ಟ, ಗೊಬ್ಬರ ಹೊತ್ತಿಗೆ, ಕಳೆ ಹೊತ್ತಿಗೆ. ಅಂಥ ಬೇಸಾಯದ ಎದುರು ಶ್ರೀ ಪದ್ಧತಿಗೆ ಹೆಚ್ಚು ಗೆಲುವಿಲ್ಲ. ತಡವಾಗಿ, ಮುದಿ ಸಸಿಯನ್ನು ಕಟ್ಟುಕಟ್ಟಾಗಿ ನೆಟ್ಟ ಸಾಮಾನ್ಯ ಗದ್ದೆಯ ಎದುರು ಗೆಲುವಿದೆ. ಆ ಗೆಲುವಿನಲ್ಲಿ ಎಳೆ ಸಸಿಯ ಪಾಲೆಷ್ಟು, ನೆಲ ಮಟ್ಟ ಮಾಡಿ ಹೊತ್ತಿಗೆ ಕಳೆ ತೆಗೆದ ಶ್ರದ್ಧೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಶ್ರದ್ಧೆಯ ಪಾಲೇ ದೊಡ್ಡದು ಎನ್ನಲು ಸಾಕಷ್ಟು ಕಾರಣವಿದೆ. ರೈತನಿಗೆ ಅದರಿಂದ ನಷ್ಟವೇನೂ ಇಲ್ಲ. ಶ್ರದ್ಧೆಗೂ ಕೂಲಿ ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಇನ್ನು ‘ಸಾಂಪ್ರದಾಯಿಕ’ ಎಂಬುದು ಒಂದೇ ಪದ್ಧತಿಯೇನಲ್ಲ. ಧಾರವಾಡ, ಹಾವೇರಿ, ಹಳಿಯಾಳದ ಕಡೆ ಮುಂಗಾರಿನ ಮೊದಲ ಹದಕ್ಕೆ ಒಣ ನೆಲದಲ್ಲೇ ಕೂರಿಗೆಯಿಂದ ಭತ್ತ ಬಿತ್ತಿ ಎಡೆಕುಂಟೆ ಹೊಡೆಯುತ್ತಾರೆ. ಸಸಿಮಡಿಯಿಲ್ಲ, ಕೆಸರಿಲ್ಲ, ನಾಟಿಯ ಕೂಲಿಯಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಕಗ್ಗ ಭತ್ತವನ್ನು ಗೊಬ್ಬರವಿಲ್ಲದೆ ಬೆಳೆದು, ಉಳಿದ ಕಾಲಕ್ಕೆ ಅದೇ ಗದ್ದೆಯಲ್ಲಿ ಸಿಗಡಿ ಹಿಡಿಯುತ್ತಾರೆ. ಅಲ್ಲಿಗೆ ಹೋಗಿ ನೀರು ಕಟ್ಟಬೇಡಿ ಎಂದರೆ ಸಮುದ್ರಕ್ಕೇ ಹೇಳಬೇಕಾಗುತ್ತದೆ.

ಮಲೆನಾಡು, ಕರಾವಳಿಯ ನಾಟಿಯಲ್ಲೂ ಪ್ರತಿಯೊಂದಕ್ಕೂ ಕಾರಣವಿದೆ. ಆಷಾಢದ ಮಳೆಯಲ್ಲಿ ತಗ್ಗಿನ ಗದ್ದೆ ಮೊಣಕಾಲುದ್ದ ತುಂಬಿದಾಗ ಎರಡೆಲೆಯ ಸಸಿ ಮುಳುಗಿ ಕೊಳೆಯುತ್ತದೆ. ಒಂದಡಿಯ ಮುದಿ ಸಸಿ ತಲೆ ಎತ್ತಿ ನಿಲ್ಲುತ್ತದೆ. ಏಡಿ ಕತ್ತರಿಸಿದ ಗುಣಿಯಲ್ಲಿ ಐದು ಸಸಿ ಇದ್ದರೆ ಎರಡಾದರೂ ಉಳಿಯುತ್ತವೆ, ಒಂದೇ ಇದ್ದರೆ ಗುಣಿ ಖಾಲಿ. ಇಲ್ಲೊಂದು ವಿಪರ್ಯಾಸವಿದೆ. ಶ್ರೀ ಪದ್ಧತಿಯ ಲಾಭ ಹೆಚ್ಚು ಕಾಣುವುದು ಮಡಗಾಸ್ಕರ್‌ನಂಥ ಹುಳಿ, ಕಬ್ಬಿಣ ಹೆಚ್ಚಿನ ಮಣ್ಣಿನಲ್ಲಿ ಎಂದು ಟೀಕಾಕಾರರೇ ಒಪ್ಪುತ್ತಾರೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣೂ ಅಂಥದ್ದೇ. ಆದರೆ ನೀರು ಬಸಿಯಲಾಗದ ಮಳೆಗಾಲ ಅಲ್ಲಿ ಅಡ್ಡ ಬರುತ್ತದೆ. ಹಿಂಗಾರು, ಬೇಸಿಗೆಯ ಬೆಳೆಗಷ್ಟೇ ಅವಕಾಶ.

ಕಾಲುವೆ ಸೀಮೆಯ ತೊಡಕು ಬೇರೆ. 1 ಕಿಲೊ ಭತ್ತಕ್ಕೆ ಮಳೆ, ನೀರಾವರಿ ಸೇರಿ ಸರಾಸರಿ 2,500 ಲೀಟರ್ ನೀರು ಬೇಕೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು; ಒಣಗಿಸಿ ನೆನೆಸುವ ಕ್ರಮದಲ್ಲಿ ಅದು ಗಣನೀಯವಾಗಿ ಇಳಿಯುತ್ತದೆ, ಗದ್ದೆಯಿಂದ ಏಳುವ ಮೀಥೇನ್ ಕೂಡ ತಗ್ಗುತ್ತದೆ. ಆದರೆ ಮಂಡ್ಯದ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ಮುಂದಿನ ಸರದಿ ಯಾವಾಗಲೋ ಎಂಬ ಭಯಕ್ಕೆ ಗದ್ದೆ ತುಂಬಿಸಿಕೊಳ್ಳುವುದೇ ಬುದ್ಧಿವಂತಿಕೆ. ನಾಲೆ ನೀರಿಗೆ ಕರ ಬೀಳುವುದು ವಿಸ್ತೀರ್ಣದ ಮೇಲೆ, ಬಳಸಿದ ಪ್ರಮಾಣದ ಮೇಲಲ್ಲ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತೂ ಉಚಿತ. ಹೀಗಿರುವಾಗ ಉಳಿಸಿದ ನೀರಿನಿಂದ ಉಳಿಸಿದವನ ಜೇಬಿಗೆ ಏನೂ ಬರುವುದಿಲ್ಲ. ಕೊಳವೆಬಾವಿಯ ನೀರು ಇಡೀ ಗದ್ದೆಗೆ ಸಾಲದವನಿಗೆ ಮಾತ್ರ ಶ್ರೀ ಪದ್ಧತಿಯ ನೀರಿನ ಉಳಿತಾಯ ನಿಜವಾದ ಲಾಭ. ಅದೇ ನೀರಿನಲ್ಲಿ ಇನ್ನಷ್ಟು ಗುಂಟೆ ಬೆಳೆಯಬಹುದು.

ಆಳಿನ ಲೆಕ್ಕ ಎಲ್ಲಕ್ಕಿಂತ ಬಿಗಿ. 25 ಸೆಂಟಿಮೀಟರ್ ಸಾಲುಗಳ ಒಂದು ಎಕರೆಯಲ್ಲಿ ಕೋನೋ ವೀಡರನ್ನು ಒಂದು ದಿಕ್ಕಿಗೆ ಓಡಿಸಿದರೆ ನಡೆಯುವ ದೂರ 16 ಕಿಲೊಮೀಟರ್. ಅದೂ ಕೆಸರಿನಲ್ಲಿ, ಹಿಂದೆ ಮುಂದೆ ನೂಕುತ್ತಾ. ನಾಲ್ಕು ಸಲಕ್ಕೆ 64 ಕಿಲೊಮೀಟರ್ ಆಗುತ್ತದೆ. ಕಳೆ ಕೀಳುವುದು ಹೆಂಗಸರ ಕೆಲಸವೆಂದು ನಡೆದುಬಂದ ಊರುಗಳಲ್ಲಿ ಈ ಭಾರದ ಯಂತ್ರ ಗಂಡಸರ ಕೈಗೆ ಹೋಗುತ್ತದೆ, ಇಲ್ಲವೇ ಬದುವಿನ ಮೇಲೆ ತುಕ್ಕು ಹಿಡಿಯುತ್ತದೆ. ಗುತ್ತಿಗೆ ನಾಟಿಯ ತಂಡಗಳಿಗೂ ದಾರ ಹಿಡಿದು ಒಂದೊಂದೇ ಎಳೆ ಸಸಿ ಇಡುವುದು ಒಗ್ಗದು. ಕೈ ಪಳಗುವವರೆಗೆ ಎಕರೆಗೆ ಹೆಚ್ಚು ಆಳು ಬೇಕು, ಪಳಗಿದ ಮೇಲೆ ಕಡಿಮೆಯಾಗುತ್ತದೆ.

ಮಡಗಾಸ್ಕರ್‌ನಲ್ಲೇ ಪದ್ಧತಿಗೆ ಪೆಟ್ಟು ಕೊಟ್ಟದ್ದು ಈ ಆಳಿನ ಲೆಕ್ಕವೇ. ಕ್ರಿಸ್ಟೀನ್ ಮೋಸರ್, ಕ್ರಿಸ್ಟೋಫರ್ ಬ್ಯಾರೆಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳುವರಿ ಹೆಚ್ಚಿದ್ದರೂ ಹಲವು ಬಡ ರೈತರು ಅದನ್ನು ಹಿಡಿಯಲಿಲ್ಲ, ಹಿಡಿದವರಲ್ಲೂ ಅನೇಕರು ಬಿಟ್ಟರು. ನಾಟಿಯ ಕಾಲವೆಂದರೆ ಮನೆಯ ಕಣಜ ಬರಿದಾಗುವ ಕಾಲ. ಆಗ ಅವರು ಅಂದಿನ ಊಟಕ್ಕಾಗಿ ಇನ್ನೊಬ್ಬರ ಗದ್ದೆಗೆ ಕೂಲಿಗೆ ಹೋಗಲೇಬೇಕು. ಸ್ವಂತ ಗದ್ದೆಗೆ ಹೆಚ್ಚಿನ ದುಡಿಮೆ ಹಾಕಿ ಐದು ತಿಂಗಳು ಕಾಯುವ ಶಕ್ತಿ ಅವರಿಗಿಲ್ಲ. ಖರ್ಚಿಲ್ಲದ, ಬಡವರ ಪದ್ಧತಿ ಎಂದು ಹೊಗಳಿಸಿಕೊಂಡದ್ದು ತೀರಾ ಬಡವರ ಕೈಗೆ ಎಟುಕಲಿಲ್ಲ. ಗೊಬ್ಬರದ ಕಥೆಯೂ ಹಾಗೆಯೇ. ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಎಂದು ಬರೆಯುವುದು ಸುಲಭ; ಎರಡು ದನ ಇರುವ ಮನೆಗೆ ಅದನ್ನು ಇಡೀ ಹಿಡುವಳಿಗೆ ಹೊಂದಿಸುವುದು ಆಗದ ಮಾತು.

ಹಾಗಾಗಿ ಶ್ರೀ ಪದ್ಧತಿಯನ್ನು ಇಡಿಯಾಗಿ ನುಂಗಬೇಕು ಇಲ್ಲವೇ ಇಡಿಯಾಗಿ ಬಿಡಬೇಕು ಎಂಬ ವಾದಕ್ಕೆ ಬೆಲೆ ಕೊಡಬೇಕಿಲ್ಲ. ಸಸಿಯ ವಯಸ್ಸು 15 ದಿನದ ಆಸುಪಾಸಿಗೆ ಇಳಿಸುವುದು, ಗುಣಿಗೆ ಒಂದೆರಡೇ ಇಡುವುದು, ಗದ್ದೆಯನ್ನು ಚೆನ್ನಾಗಿ ಮಟ್ಟ ಮಾಡುವುದು, ತೂತು ಕೊಳವೆ ಹುಗಿದು ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸುವುದು ಇವು ಬಿಡಿಬಿಡಿಯಾಗಿಯೂ ಫಲ ಕೊಡುತ್ತವೆ. ನಾಟಿ ಯಂತ್ರಕ್ಕೆಂದು ಚಾಪೆಮಡಿಯಲ್ಲಿ ಸಸಿ ಬೆಳೆಸುವ ರೈತರು ಶ್ರೀ ಎಂಬ ಹೆಸರೆತ್ತದೆಯೇ ಎಳೆ ಸಸಿಗೆ ಬಂದಿದ್ದಾರೆ. ನೀರು ಬಸಿಯಲು ಜಾಗ, ಬೇಕೆಂದಾಗ ಹಾಯಿಸಲು ಸ್ವಂತ ಮೂಲ, ಮೊದಲ 40 ದಿನ ಗದ್ದೆಯಲ್ಲೇ ಇರಬಲ್ಲ ಮನೆಯ ಆಳು ಈ ಮೂರೂ ಇದ್ದರೆ ಪೂರ್ತಿ ಪದ್ಧತಿ ಮಾಡಬಹುದು. ಯಾವುದೊಂದು ಇಲ್ಲದಿದ್ದರೂ ರೂಢಿಯ ನಾಟಿ ಅಥವಾ ಕೂರಿಗೆಯೇ ಲೇಸು. ಮಾಡಿ ನೋಡುವವರು ಮೊದಲ ವರ್ಷ ಹತ್ತು ಗುಂಟೆ ಮೀರಬಾರದು. ಕೊಯ್ಲಾದ ಮೇಲೆ ಶ್ರೀ ಪದ್ಧತಿಯದು, ರೂಢಿಯದು ಎರಡೂ ತಾಕಿನ ಭತ್ತ, ಹುಲ್ಲು ಬೇರೆಬೇರೆಯಾಗಿ ತೂಗಿ, ಹೆಂಡತಿ ಮಕ್ಕಳು ದುಡಿದ ದಿನಗಳನ್ನೂ ಊರಿನ ಕೂಲಿ ದರದಲ್ಲಿ ಖರ್ಚಿಗೆ ಬರೆದುಕೊಳ್ಳಿ.