ಖಾಲಿ ಸೈಟಿನ ಗುಡ್ಲು

ಮೈಸೂರಿನ ದಟ್ಟಗಳ್ಳಿಯ ನಮ್ಮ ಬೀದಿಯ ಕೊನೆಯಲ್ಲಿ ಒಂದು 30–40ರ ಸೈಟು ಖಾಲಿ ಬಿದ್ದಿದೆ. ಎರಡು ಕಡೆ ಮನೆಗಳ ಕಾಂಪೌಂಡು, ಹಿಂದೆ ಒಂದು ಹೊಂಗೆ ಮರ, ಮಧ್ಯೆಲ್ಲ ಪಾರ್ಥೇನಿಯಂ. ಹೋದ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮಾರನೆಯ ವಾರ ಏಳೆಂಟು ಮಕ್ಕಳು ಸೇರಿ ಆ ಹೊಂಗೆಯ ಬುಡದಲ್ಲಿ ಒಂದು ಗುಡ್ಲು ಕಟ್ಟಿದರು. ನಾಟಕ ನೋಡಿ, ಚಿತ್ರಪ್ರದರ್ಶನ ನೋಡಿ ಬರೆಯುವುದು ನನ್ನ ಅಭ್ಯಾಸ. ಆ ವರ್ಷ ನಾನು ನೋಡಿದ ಕೃತಿಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಈ ಗುಡ್ಲು. ಹಾಗಾಗಿ ಒಂದು ನಾಟಕಕ್ಕೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಡುತ್ತಿದ್ದೇನೆ.

ಸಾಮಗ್ರಿಯಿಂದಲೇ ಶುರು ಮಾಡಬೇಕು. ಪಕ್ಕದ ರಸ್ತೆಯಲ್ಲಿ ಒಂದು ಮನೆಗೆ ಮೋಲ್ಡ್ ಹಾಕಿ ಸೆಂಟ್ರಿಂಗ್ ಬಿಚ್ಚಿದ್ದರು. ಅಲ್ಲಿ ಸೀಳುಬಿಟ್ಟು ಕೆಲಸಕ್ಕೆ ಬಾರದಾಗಿದ್ದ ಮೂರು ಸರ್ವೆ ಕಂಬಗಳನ್ನು ಮೇಸ್ತ್ರಿಯನ್ನು ಕೇಳಿ ತಂದಿದ್ದರು. ನಾಲ್ಕನೆಯ ಕಂಬ ಹೊಂಗೆ ಮರವೇ. ಗೋಡೆಗೆ ಸಿಮೆಂಟ್ ಚೀಲಗಳನ್ನು ಬಿಡಿಸಿ ಕಟ್ಟಿ, ಮೇಲಿಂದ ತೆಂಗಿನ ಗರಿ ಒರಗಿಸಿದ್ದರು. ಸೂರಿಗೆ, ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ್ದ ದೊಡ್ಡ ಫ್ಲೆಕ್ಸು. ಅದರ ಮುದ್ರಣ ಒಳಗೆ ಬರುವಂತೆ ಹೊದಿಸಿದ್ದರಿಂದ ಒಳಗೆ ಮಲಗಿ ನೋಡಿದರೆ ಚಾವಣಿಯ ತುಂಬ ಕೈಮುಗಿದ ಮುಖಗಳು. ಬಾಗಿಲು ಎರಡಡಿ ಎತ್ತರ. ದೊಡ್ಡವರು ಮಂಡಿಯೂರದೆ ಒಳಗೆ ಹೋಗುವಂತಿಲ್ಲ. ಬೇಕೆಂದೇ ಇಟ್ಟ ಅಳತೆ ಅದು. ಹೊಸಿಲಿನ ಜಾಗದಲ್ಲಿ ಒಡೆದ ಟೈಲ್ಸಿನ ತುಂಡು, ಅದರ ಮೇಲೆ ಸೀಮೆಸುಣ್ಣದ ರಂಗೋಲಿ. ಚಪ್ಪಲಿಗಳು ಹೊರಗೆ ಸಾಲಾಗಿ. ಒಳಗಿದ್ದದ್ದು ಬರೀ ಮಣ್ಣಿನ ನೆಲ, ಆದರೂ ಚಪ್ಪಲಿ ಬಿಟ್ಟೇ ಹೋಗಬೇಕು. ಆ ಒಂದು ಕಟ್ಟಳೆಯಿಂದ ಹರಕು ಚೀಲದ ಜಾಗ ಮನೆಯಾಗಿತ್ತು.

ಆದರೆ ಕೃತಿಯ ನಿಜವಾದ ಗಟ್ಟಿತನ ಸೂರಿನಲ್ಲಿತ್ತು. ಮೊದಲ ದಿನ ಫ್ಲೆಕ್ಸನ್ನು ಮಟ್ಟಸವಾಗಿ ಕಟ್ಟಿದ್ದರು. ಸೆಂಟ್ರಿಂಗ್ ಬಿಚ್ಚಿದ್ದ ಆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ಕೂಲಿಯವರ ಸಂಸಾರವಿತ್ತು. ಅವರ ಮಗಳು, ಹನ್ನೊಂದರ ಸುಮಾರಿನವಳು, ದೂರದಿಂದ ನೋಡುತ್ತ ನಿಂತಿದ್ದವಳು ಹತ್ತಿರ ಬಂದು, ‘ಹಿಂಗಿದ್ರ ಮಳಿ ನೀರು ನಡುವ ನಿಂದರತೈತಿ, ಒಂದ್ ಕಡಿ ಇಳಿಸ್ರಿ’ ಅಂದಳು. ‘ನಿಂಗೇನ್ ಗೊತ್ತು, ಹೋಗ್’ ಎಂದ ನಮ್ಮ ಬೀದಿಯ ಹುಡುಗ. ಸಂಜೆ ಗುಡುಗು ಸಮೇತ ಮಳೆ ಬಂತು. ಫ್ಲೆಕ್ಸು ಹೊಟ್ಟೆ ಬಿಟ್ಟುಕೊಂಡು, ಗಂಟು ಕಿತ್ತುಹೋಗಿ, ನೀರೆಲ್ಲ ಒಳಗೆ ಸುರಿಯಿತು. ಮಾರನೆಯ ಬೆಳಿಗ್ಗೆ ಅದೇ ಹುಡುಗ ಶೆಡ್ಡಿನ ಮುಂದೆ ನಿಂತು ‘ಬಾರಕ್ಕಾ, ಅದೆಂಗೆ ಕಟ್ಟೋದು ತೋರ್ಸು’ ಎಂದು ಕರೆಯುತ್ತಿದ್ದ. ಅವಳು ಬಂದು ಹಿಂದಿನ ಗಂಟುಗಳನ್ನು ಒಂದು ಮೊಳ ಕೆಳಗಿಳಿಸಿದಳು. ಕಂಬಕ್ಕೆ ಗಳ ಕೂಡುವಲ್ಲಿ ಹಗ್ಗವನ್ನು ಕತ್ತರಿ ಹಾಕಿ ಸುತ್ತಿ, ಆಮೇಲೆ ಎರಡರ ನಡುವೆ ತೂರಿಸಿ, ಕಾಲು ಕೊಟ್ಟು ಎಳೆದು ಬಿಗಿದಳು. ಅಪ್ಪ ಸಾರುವೆ ಕಟ್ಟುವುದನ್ನು ನೋಡಿ ಕಲಿತ ಗಂಟು. ಮುಂದಿನ ಮಳೆಗೆ ನೀರು ಜಾರಿ ಹಿಂದಕ್ಕೆ ಹೋಯಿತು, ಒಳಗೆ ಕೂತಿದ್ದವರು ಕೂಗಿ ಕುಣಿದರು.

ಸಮುದಾಯ ಕಲೆ ಎಂಬ ಮಾತನ್ನು ಸಭೆಗಳಲ್ಲಿ ಬಹಳ ಕೇಳಿದ್ದೇನೆ. ನಮ್ಮ ಬೀದಿಯ ಮನೆಗಳಿಗೂ ಆ ಶೆಡ್ಡಿಗೂ ನಡುವೆ ನೀರಿನ ಕೊಡದ ವ್ಯವಹಾರ ಬಿಟ್ಟರೆ ಮಾತಿರಲಿಲ್ಲ. ಆ ಹುಡುಗಿ ಮೇಸ್ತ್ರಿಯಾಗಿ, ಮನೆಯ ಮಕ್ಕಳು ಕೈಯಾಳುಗಳಾಗಿ ಕೆಲಸ ಮಾಡಿದ್ದನ್ನು ನೋಡಿದ ಮೇಲೆ ನನಗೆ ಆ ಮಾತಿನ ಅರ್ಥ ಆಯಿತು. ಹಾಗೆಂದು ಗುಡ್ಲನ್ನು ಕೊಂಡಾಡುವ ಭರದಲ್ಲಿ ಒಂದನ್ನು ಮರೆಯಬಾರದು: ಅವಳಿಗೆ ಗೊತ್ತಿದ್ದದ್ದು ಆಡಿ ಕಲಿತ ವಿದ್ಯೆಯಾಗಿರಲಿಲ್ಲ. ಸೋರುವ ಸೂರಿನ ಕೆಳಗೆ ಮಲಗಿ ಕಲಿತದ್ದು.

ದಟ್ಟಗಳ್ಳಿ ಬಡಾವಣೆಯಾಗುವ ಮುಂಚೆ ಹೊಲಗದ್ದೆಗಳ ಹಳ್ಳಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಲ ಕಾಯುವ ಗುಡ್ಲನ್ನು ದೊಡ್ಡವರು ಹಾಕುತ್ತಿದ್ದರು, ಮಕ್ಕಳು ಅದನ್ನು ನೋಡಿ ಪಕ್ಕದಲ್ಲೇ ಚಿಕ್ಕದೊಂದನ್ನು ಹಾಕುತ್ತಿದ್ದರು. ಅದಕ್ಕೂ ಮೊದಲು ಗುಬ್ಬಚ್ಚಿ ಗೂಡು. ಒದ್ದೆ ಮರಳಿನಲ್ಲಿ ಪಾದ ಹೂತು, ಮೇಲೆ ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲು ಹಿಂದಕ್ಕೆ ಎಳೆದುಕೊಂಡರೆ ಉಳಿಯುವ ಗೂಡು. ಮೊದಲ ಮನೆಯ ಅಳತೆ ನಮ್ಮ ಪಾದದ್ದೇ ಆಗಿತ್ತು ಎಂಬುದು ನನಗೆ ಇವತ್ತಿಗೂ ಆಶ್ಚರ್ಯ.

ಮಕ್ಕಳ ಈ ಕಟ್ಟುವ ಹಂಬಲವನ್ನು ಹೊರಗಿನವರೂ ಕಂಡುಕೊಂಡಿದ್ದಾರೆ. ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕ ಸಿ. ಟಿ. ಸೋರೆನ್ಸನ್ ತಾನು ಅಚ್ಚುಕಟ್ಟಾಗಿ ರೂಪಿಸಿದ ಆಟದ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡ ಕೆಲಸದ ಜಾಗಗಳಲ್ಲಿ ಆಡುವುದನ್ನು ಗಮನಿಸಿದ. 1943ರಲ್ಲಿ, ದೇಶ ಜರ್ಮನರ ಹಿಡಿತದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಲಗೆ, ಇಟ್ಟಿಗೆ, ಗುಜರಿ ಸಾಮಾನು ತುಂಬಿದ ಮೈದಾನವೊಂದು ತೆರೆಯಿತು. ಮಕ್ಕಳು ಅಲ್ಲಿ ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. 1946ರಲ್ಲಿ ಅದನ್ನು ನೋಡಿದ ಬ್ರಿಟನ್ನಿನ ಉದ್ಯಾನ ವಿನ್ಯಾಸಕಿ ಲೇಡಿ ಅಲೆನ್ ಇಂಗ್ಲೆಂಡಿಗೆ ಮರಳಿ, ಬಾಂಬು ಬಿದ್ದು ಹಾಳಾಗಿದ್ದ ಜಾಗಗಳಲ್ಲಿ ಅಂಥವು ಹುಟ್ಟುವುದಕ್ಕೆ ದುಡಿದರು. ಆ ಮೈದಾನಗಳಲ್ಲಿ ಹಿರಿಯರೊಬ್ಬರು ಇರುತ್ತಿದ್ದರು. ಅವರ ಕೆಲಸ ಕಣ್ಣಿಡುವುದು, ಕೇಳಿದಾಗ ಸುತ್ತಿಗೆ ಕೊಡುವುದು. ಹೇಗೆ ಕಟ್ಟಬೇಕೆಂದು ಹೇಳಿಕೊಡುವುದು ಆ ಕೆಲಸದಲ್ಲಿ ಸೇರಿರಲಿಲ್ಲ.

ಮೈಸೂರಿಗೆ ಮಕ್ಕಳ ಬೇಸಿಗೆ ಶಿಬಿರ ಹೊಸದೇನಲ್ಲ. 1989ರಲ್ಲಿ ಬಿ. ವಿ. ಕಾರಂತರು ಕಟ್ಟಿದ ರಂಗಾಯಣದ ಚಿಣ್ಣರ ಮೇಳ ಊರಿಗೇ ಹೆಮ್ಮೆ. ಮಕ್ಕಳನ್ನು ಮಣ್ಣಿಗೆ, ಮರದ ನೆರಳಿಗೆ, ಹಾಡಿಗೆ ಬಿಟ್ಟು ಕೊನೆಗೆ ಅವರಿಂದಲೇ ನಾಟಕ ಆಡಿಸುವ ಆ ಪರಂಪರೆಗೆ ನಾನು ಋಣಿ. ನನ್ನ ತಕರಾರು ಈಚೆಗೆ ಬಡಾವಣೆ ಬಡಾವಣೆಗಳಲ್ಲಿ ಹುಟ್ಟಿರುವ ಅವಸರದ ಶಿಬಿರಗಳ ಬಗ್ಗೆ. ಅಂಥ ಒಂದಕ್ಕೆ ನನ್ನನ್ನು ಸಮಾರೋಪಕ್ಕೆ ಕರೆದಿದ್ದರು. ‘ನಮ್ಮ ಹಳ್ಳಿ ಮನೆ’ ಎಂದು ಬೋರ್ಡು ಹಾಕಿ ಬಿದಿರು, ಹುಲ್ಲು, ಹಸೆ ಚಿತ್ತಾರ ಎಲ್ಲ ಇಟ್ಟು ಚೆಂದದ ಗುಡಿಸಲು ಮಾಡಿದ್ದರು. ಕಟ್ಟಿದವರು ಇಬ್ಬರು ಬಾಡಿಗೆ ಕೆಲಸಗಾರರು. ಮಕ್ಕಳು ಹುಲ್ಲಿಗೆ ಬಣ್ಣದ ಕಾಗದ ಅಂಟಿಸಿದ್ದರು, ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಳಗೆ ಹೋಗಬೇಡಿ, ಬೀಳುತ್ತೆ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಕಾರಂತರು ಟಾಗೋರರ ಕಥೆಯಿಂದ ಮಾಡಿದ ‘ಪಂಜರ ಶಾಲೆ’ಯಲ್ಲಿ ಪಂಜರಕ್ಕೆ ಚಿನ್ನ ಹೊದಿಸುವ ಗದ್ದಲದಲ್ಲಿ ಗಿಳಿಯನ್ನು ಎಲ್ಲರೂ ಮರೆಯುತ್ತಾರೆ. ನನಗೆ ಅಲ್ಲಿ ಕೂತಲ್ಲೇ ಅದು ನೆನಪಾಯಿತು. ಒಳಗೆ ಹೋಗಲಾಗದ ಗುಡಿಸಲು ಎಷ್ಟೇ ಚೆಂದವಿದ್ದರೂ ಸೋತ ಕೃತಿ.

ಗಣೇಶನ ಚಪ್ಪರಕ್ಕೂ ಇದೇ ಗತಿಯಾಗಿದೆ. ಬೀದಿಯ ಹುಡುಗರು ಮನೆ ಮನೆ ಚಂದಾ ಎತ್ತಿ, ಗಳ ಬೇಡಿ ತಂದು, ಅಮ್ಮಂದಿರ ಹಳೇ ಸೀರೆ ಕಟ್ಟಿ, ಮೈದಾ ಅಂಟು ಕಾಯಿಸಿ ಬಣ್ಣದ ಕಾಗದದ ತೋರಣ ಮಾಡುತ್ತಿದ್ದರು. ಈಗ ಚಂದಾ ಮಾತ್ರ ಅವರದು, ಮಿಕ್ಕಿದ್ದು ಶಾಮಿಯಾನದವರದು.

ಸೈಟಿನ ಗುಡ್ಲಿಗೆ ದೋಷಗಳಿರಲಿಲ್ಲವೇ? ಇದ್ದವು. ಎರಡನೆಯ ವಾರಕ್ಕೆ ದೊಡ್ಡ ಹುಡುಗರು ‘ಮೆಂಬರ್ಸ್ ಮಾತ್ರ’ ಎಂದು ರಟ್ಟು ತೂಗುಹಾಕಿ ಚಿಕ್ಕವರನ್ನು ಕಾವಲಿಗೆ ನಿಲ್ಲಿಸಿದರು. ಅದೇ ಚಿಕ್ಕವರು ಮುನಿಸಿಕೊಂಡು ಕಾಂಪೌಂಡಿನ ಆ ತುದಿಗೆ ರಟ್ಟಿನ ಡಬ್ಬಗಳಲ್ಲಿ ಇನ್ನೊಂದು ಕಟ್ಟಿದರು. ಜಗಳ ಹಾಗೆಯೇ ಹೊಸ ಕೃತಿಗೆ ದಾರಿಯಾಯಿತು, ಒಪ್ಪುತ್ತೇನೆ. ಆದರೆ ಹೊರಗೆ ನಿಂತ ಐದು ವರ್ಷದವನ ಅಳುವನ್ನೂ ಕೇಳಿದ್ದೇನೆ. ಪೊದೆಯಲ್ಲಿ ಹಾವಿದ್ದೀತು, ಹಲಗೆಯಲ್ಲಿ ಮೊಳೆಯಿದ್ದೀತು. ತಾಯಂದಿರ ಭಯ ಸುಳ್ಳಲ್ಲ. ಅದಕ್ಕೆ ಪೊದೆ ಸವರಿಸಿ ಮೊಳೆ ಕೀಳಿಸಿ ಕೊಟ್ಟರಾಯಿತು. ಬೇಡ ಎನ್ನುವುದು ನನ್ನ ಮಟ್ಟಿಗೆ ಪರಿಹಾರವಲ್ಲ.

ಜೂನ್ ಮೊದಲ ವಾರ ಸೈಟಿನ ಮಾಲೀಕರು ಜೆಸಿಬಿ ಕಳಿಸಿ ಸ್ವಚ್ಛ ಮಾಡಿಸಿದರು. ಅವರ ಜಾಗ, ಅವರ ಹಕ್ಕು. ಹಿಂದಿನ ದಿನ ಸುದ್ದಿ ತಿಳಿದ ಮಕ್ಕಳು ತಾವೇ ಗುಡ್ಲು ಬಿಚ್ಚಿದರು. ಹಗ್ಗವನ್ನು ಕತ್ತರಿಸದೆ ಗಂಟು ಬಿಡಿಸಿ, ಸುತ್ತಿ, ಒಬ್ಬನ ಮನೆಯ ಸಜ್ಜಾದ ಮೇಲೆ ಇಟ್ಟರು. ಅಷ್ಟರಲ್ಲಿ ರಾಯಚೂರಿನವರು ಬೇರೆ ಕೆಲಸಕ್ಕೆ ಹೋಗಿಯಾಗಿತ್ತು.

ಖಾಲಿ ಸೈಟುಗಳು ಎಂದೂ ಮಕ್ಕಳವಲ್ಲ. ಇವತ್ತಲ್ಲ ನಾಳೆ ಅಲ್ಲಿ ಮನೆ ಏಳುತ್ತದೆ. ಆದರೆ ಬಡಾವಣೆಯಲ್ಲಿ ಮಕ್ಕಳಿಗೆ ಪಾಲಿದೆ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಂತೆ ಪ್ರಾಧಿಕಾರದ ಬಡಾವಣೆಯಲ್ಲಿ ಕನಿಷ್ಠ ಶೇ. 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಕನಿಷ್ಠ ಶೇ. 10 ನಾಗರಿಕ ಸೌಲಭ್ಯಕ್ಕೆ ಮೀಸಲು. ನಮ್ಮ ಸುತ್ತಲ ಪಾರ್ಕುಗಳಲ್ಲಿ ನಡೆಯುವವರಿಗೆ ಕಲ್ಲುಹಾಸಿನ ದಾರಿ ಇದೆ, ಹಿರಿಯರಿಗೆ ಬೆಂಚಿದೆ, ಮಕ್ಕಳಿಗೆ ಒಂದು ಜಾರುಬಂಡೆ ಇದೆ. ಜಾರುಬಂಡೆಯಲ್ಲಿ ಜಾರಬಹುದು, ಅದರಿಂದ ಏನನ್ನೂ ಕಟ್ಟಲಾಗದು.

ದಟ್ಟಗಳ್ಳಿಯ ನಿವಾಸಿಗಳ ಸಂಘಗಳಿಗೆ ನನ್ನ ಕೋರಿಕೆ ಇಷ್ಟು. ಬರುವ ಏಪ್ರಿಲ್‌ನಲ್ಲಿ ಪಾರ್ಕಿನ ಒಂದು ಮೂಲೆಯನ್ನು, ಹುಲ್ಲು ಕೆಟ್ಟರೂ ಪರವಾಗಿಲ್ಲವೆಂದು, ಎರಡು ತಿಂಗಳು ಬಿಟ್ಟುಕೊಡಿ. ನಿಮ್ಮ ಮನೆಯ ತೆಂಗಿನ ಗರಿಯನ್ನು ಕಸದ ಗಾಡಿಗೆ ಹಾಕುವ ಬದಲು ಅಲ್ಲಿ ಹಾಕಿಸಿ. ಹಳೇ ಫ್ಲೆಕ್ಸು, ಗೋಣಿಚೀಲ, ಕಾಲು ಮುರಿದ ಮಂಚ ಕೊಡಿ. ಸುತ್ತ ನಡೆಯುವ ಕಟ್ಟಡಗಳ ಶೆಡ್ಡಿನ ಮಕ್ಕಳನ್ನು ಹೆಸರು ಹಿಡಿದು ಕರೆಯಿರಿ. ಒಬ್ಬರು ಹಿರಿಯರು ದೂರದ ಬೆಂಚಿನಲ್ಲಿ ಕೂತಿರಲಿ. ಹಗ್ಗ ಸಾಲದೆ ಬಂದರೆ ನಮ್ಮ ಬೀದಿಯ ಆ ಸಜ್ಜಾದ ಮೇಲೆ ಒಂದು ಸುರುಳಿ ಇನ್ನೂ ಇದೆ.